ವಾದಕ್ಕೆ ಪೆಟ್ಟು ಎಲ್ಲಿ ಬೀಳಬೇಕು? ಕ್ಲಾಟ್‌ನ ಒಂದು ಬಗೆಯ ಪ್ರಶ್ನೆಯೂ ಕನ್ನಡದ ವಿದ್ಯಾರ್ಥಿಯೂ

ಬೆಂಗಳೂರು: ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶಕ್ಕಾಗಿ 2024ರ ಡಿಸೆಂಬರ್ 1ರಂದು ಎರಡು ತಾಸುಗಳಲ್ಲಿ ಮುಗಿದ ಪರೀಕ್ಷೆಯೊಂದು ನ್ಯಾಯಾಲಯಗಳಲ್ಲಿ ಮುಗಿಯಲು ಐದು ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು. ಕ್ಲಾಟ್ ಎಂದೇ ಪರಿಚಿತವಾದ ಆ ಪರೀಕ್ಷೆಯ ಎರಡು ಪ್ರಶ್ನೆಗಳಿಗೆ ನೀಡಿದ ಕೀಲಿ ಉತ್ತರ ಸರಿಯಿಲ್ಲವೆಂದು ದೆಹಲಿ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠ ಡಿಸೆಂಬರ್ 20ರಂದು ಹೇಳಿತು. ಹಲವು ರಾಜ್ಯಗಳ ಅರ್ಜಿಗಳು ಒಂದೆಡೆ ಸೇರಿದವು. 2025ರ ಏಪ್ರಿಲ್ 23ರಂದು ವಿಭಾಗೀಯ ಪೀಠ ತೀರ್ಪಿತ್ತಿತು. ಮೇ 7ರಂದು ಸರ್ವೋಚ್ಚ ನ್ಯಾಯಾಲಯ ಅದನ್ನೂ ಭಾಗಶಃ ಮಾರ್ಪಡಿಸಿ, ಪ್ರಶ್ನೆಪತ್ರಿಕೆ ಸಿದ್ಧಪಡಿಸಿದ ರೀತಿಯ ಬಗ್ಗೆ ಅಸಮಾಧಾನ ವ್ಯಕ್ತಪಡಿಸಿತು. ಒಂದೊಂದು ಅಂಕದ ಪ್ರಶ್ನೆಗಳಿಗಾಗಿ ನಡೆದ ಈ ಹೋರಾಟದಲ್ಲಿ ಯಾರಿಗೆ ಯಾವ ಸೀಟು ಎಂಬುದೇ ಪಣವಾಗಿತ್ತು.

ವ್ಯಾಜ್ಯಕ್ಕೆ ಒಳಗಾದ ಪ್ರಶ್ನೆಗಳೆಲ್ಲ ತರ್ಕವಿಭಾಗದವಲ್ಲ. ಆದರೆ ನೂರಿಪ್ಪತ್ತು ಪ್ರಶ್ನೆಗಳ ಈ ಪತ್ರಿಕೆಯಲ್ಲಿ 22ರಿಂದ 26 ಪ್ರಶ್ನೆಗಳು ತಾರ್ಕಿಕ ವಿವೇಚನೆಗೆ ಮೀಸಲು. ಅವುಗಳಲ್ಲಿ ವಿದ್ಯಾರ್ಥಿಗಳನ್ನು ಅತಿ ಹೆಚ್ಚು ಗೊಂದಲಕ್ಕೆ ದೂಡುವ ಒಂದು ಬಗೆಯಿದೆ. "ಈ ಕೆಳಗಿನ ಹೇಳಿಕೆಗಳಲ್ಲಿ ಯಾವುದು ನಿಜವಾದರೆ ಲೇಖಕರ ವಾದವನ್ನು ಅತ್ಯಂತ ಹೆಚ್ಚು ದುರ್ಬಲಗೊಳಿಸುತ್ತದೆ?" ಎಂಬ ಧಾಟಿಯ ಪ್ರಶ್ನೆಗಳೇ ಅವು. 2008ರಲ್ಲಿ ಆರಂಭವಾದ ಕ್ಲಾಟ್‌ನಲ್ಲಿ ಮೊದಮೊದಲು ರಕ್ತಸಂಬಂಧ, ದಿಕ್ಕು, ಸರಣಿ ಮುಂತಾದ ಒಗಟಿನ ಮಾದರಿಯ ಪ್ರಶ್ನೆಗಳಿಗೆ ಪ್ರಾಶಸ್ತ್ಯವಿತ್ತು. 2020ರಿಂದ ಇಡೀ ಪತ್ರಿಕೆ ಗದ್ಯಭಾಗಗಳನ್ನು ಆಧರಿಸಿದೆ. ಆಧಾರಗಳು ಬದಲಾದಾಗ ತೀರ್ಮಾನ ಹೇಗೆ ಗಟ್ಟಿಯಾಗುತ್ತದೆ ಅಥವಾ ಸಡಿಲಾಗುತ್ತದೆ ಎಂಬುದನ್ನು ಗುರುತಿಸುವ ಶಕ್ತಿಯನ್ನು ಪರೀಕ್ಷಿಸುವುದಾಗಿ ಪಠ್ಯಕ್ರಮವೇ ಹೇಳುತ್ತದೆ.

ಈ ಬಗೆಯ ಪ್ರಶ್ನೆ ಕಠಿಣವೆನಿಸಲು ಬುದ್ಧಿಯ ಕೊರತೆ ಕಾರಣವಲ್ಲ. ಪ್ರಶ್ನೆ ಏನನ್ನು ಕೇಳುತ್ತಿದೆ ಎಂಬುದನ್ನು ನಮ್ಮ ಶಾಲೆಗಳು ಎಂದೂ ಹೇಳಿಕೊಟ್ಟಿಲ್ಲ ಎಂಬುದೇ ಕಾರಣ.

ಒಂದು ಮೇಲ್ಸೇತುವೆಯ ಕಥೆ

ಪರೀಕ್ಷೆಯ ಮಾದರಿಯಲ್ಲಿ ನಾವೇ ರಚಿಸಿದ ಉದಾಹರಣೆಯೊಂದನ್ನು ನೋಡೋಣ. "ನಗರದ ಮುಖ್ಯರಸ್ತೆಯೊಂದಕ್ಕೆ ಮೇಲ್ಸೇತುವೆ ಕಟ್ಟಿದ ನಂತರ ಆ ರಸ್ತೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ತಲಪುವ ಅವಧಿ 40 ನಿಮಿಷದಿಂದ 25 ನಿಮಿಷಕ್ಕೆ ಇಳಿದಿದೆ. ಆದ್ದರಿಂದ ಮೇಲ್ಸೇತುವೆಯು ನಗರದ ಸಂಚಾರ ದಟ್ಟಣೆಯನ್ನು ಕಡಿಮೆ ಮಾಡಿದೆ."

ಇದನ್ನು ದುರ್ಬಲಗೊಳಿಸುವ ಹೇಳಿಕೆ ಯಾವುದು? ಅ: ಸೇತುವೆಯ ವೆಚ್ಚ ಅಂದಾಜಿಗಿಂತ ಎರಡು ಪಟ್ಟಾಯಿತು. ಆ: ಸೇತುವೆಗಾಗಿ ಇನ್ನೂರು ಹಳೆಯ ಮರಗಳನ್ನು ಕಡಿಯಲಾಯಿತು. ಇ: ಸೇತುವೆ ಇಳಿಯುವ ಎರಡೂ ಕಡೆಯ ವೃತ್ತಗಳಲ್ಲಿ ವಾಹನಗಳು ಕಾಯುವ ಅವಧಿ ಇದೇ ವೇಳೆಯಲ್ಲಿ 20 ನಿಮಿಷ ಹೆಚ್ಚಾಯಿತು. ಈ: ಬೇರೆ ನಗರಗಳಲ್ಲೂ ಇಂಥ ಸೇತುವೆಗಳು ಪ್ರಯಾಣದ ಅವಧಿಯನ್ನು ತಗ್ಗಿಸಿವೆ.

ಸುದ್ದಿಮನೆಯಲ್ಲಿ ಇದನ್ನು ಸಹೋದ್ಯೋಗಿಗಳ ಮುಂದಿಟ್ಟಾಗ ಮೊದಲು ಬಂದ ಉತ್ತರ 'ಆ'. ಬೆಂಗಳೂರಿನಲ್ಲಿ ಬದುಕುವವರಿಗೆ ಮರ ಕಡಿದರೆಂದರೆ ಹೊಟ್ಟೆ ಉರಿಯುವುದು ಸಹಜ. ಮರ ಕಡಿದದ್ದು ಸೇತುವೆಯ ವಿರುದ್ಧ ಬಲವಾದ ಆಕ್ಷೇಪವೂ ಹೌದು. ಆದರೆ ವಾದ ಹೇಳಿದ್ದು ಸೇತುವೆ ಒಳ್ಳೆಯದು ಎಂದಲ್ಲ. ದಟ್ಟಣೆ ಕಡಿಮೆಯಾಯಿತು ಎಂದಷ್ಟೇ. ಮರ ಹೋದರೂ ದಟ್ಟಣೆ ಕಡಿಮೆಯಾಗಿರಬಹುದು. ವೆಚ್ಚದ ಮಾತೂ ಹಾಗೆಯೇ. 'ಈ' ವಾದಕ್ಕೆ ಊರುಗೋಲಾಗುತ್ತದೆಯೇ ಹೊರತು ಪೆಟ್ಟಾಗದು.

ಉಳಿದದ್ದು 'ಇ'. ಆಧಾರ ಇರುವುದು ಒಂದು ರಸ್ತೆಯ ಬಗ್ಗೆ. ತೀರ್ಮಾನ ಇರುವುದು ಇಡೀ ನಗರದ ಬಗ್ಗೆ. ರಸ್ತೆಯಲ್ಲಿ ಉಳಿದ ಸಮಯ ಬೇರೆಲ್ಲೂ ನಷ್ಟವಾಗಿಲ್ಲ ಎಂಬ ಮಾತನ್ನು ವಾದಿಸುವವರು ಬಾಯಿಬಿಟ್ಟು ಹೇಳಿಲ್ಲ, ಹೇಳದೆಯೇ ನಂಬಿಕೊಂಡಿದ್ದಾರೆ. ಆಧಾರ ಮತ್ತು ತೀರ್ಮಾನಗಳ ನಡುವೆ ಕಾಣದಂತೆ ಹಾಸಿದ ಈ ಹಲಗೆಗೆ ತರ್ಕದವರು ಗೃಹೀತ ಎನ್ನುತ್ತಾರೆ. 'ಇ' ಆ ಹಲಗೆಯನ್ನೇ ಎಳೆದುಹಾಕುತ್ತದೆ. ದಟ್ಟಣೆ ಕರಗಿಲ್ಲ, ವೃತ್ತದವರೆಗೆ ಸರಿದಿದೆ ಎಂಬ ಸಾಧ್ಯತೆಯನ್ನು ಮುಂದಿಡುತ್ತದೆ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, 40 ನಿಮಿಷ 25ಕ್ಕೆ ಇಳಿದಿದ್ದನ್ನು ನಾವು ಪ್ರಶ್ನಿಸಲಿಲ್ಲ. ಆಧಾರವನ್ನು ಒಪ್ಪಿಕೊಂಡೇ ತೀರ್ಮಾನವನ್ನು ಅಲುಗಿಸಿದೆವು. "ಅಂಕಿಅಂಶವೇ ಸುಳ್ಳಿರಬಹುದು" ಎಂದು ಜಗಳಕ್ಕೆ ನಿಲ್ಲುವ ವಿದ್ಯಾರ್ಥಿ ಈ ಪ್ರಶ್ನೆಯಲ್ಲಿ ಸೋಲುತ್ತಾನೆ. ಎರಡನೆಯದು, 'ಇ' ನಿಜವಾದರೂ ದಟ್ಟಣೆ ಕಡಿಮೆಯಾಗಿಯೇ ಇಲ್ಲ ಎಂದು ಸಾಬೀತಾಗುವುದಿಲ್ಲ. ಆ ವೃತ್ತಗಳ ಆಚೆಗೆ ಏನಾಗಿದೆಯೋ ಯಾರು ಬಲ್ಲರು? ದುರ್ಬಲಗೊಳಿಸುವುದೆಂದರೆ ಸುಳ್ಳೆಂದು ಸ್ಥಾಪಿಸುವುದಲ್ಲ. ತೀರ್ಮಾನದ ಮೇಲಿನ ನಮ್ಮ ನಂಬಿಕೆ ಮೊದಲಿದ್ದಷ್ಟು ಉಳಿಯದಿದ್ದರೆ ಸಾಕು.

ವಕೀಲರ ಭಾಷೆಯಲ್ಲಿ ಇದಕ್ಕೊಂದು ಹಳೆಯ ಹೆಸರಿದೆ: ಪಾಟೀಸವಾಲು. ನುರಿತ ವಕೀಲರು ಎದುರು ಸಾಕ್ಷಿಯನ್ನು ಸುಳ್ಳುಗಾರನೆಂದು ಕರೆಯುವ ಗೋಜಿಗೆ ಹೋಗುವುದು ಕಡಿಮೆ. ಆತ ಕಂಡದ್ದನ್ನು ಒಪ್ಪಿಕೊಳ್ಳುತ್ತಾರೆ. ಅಂದು ಬೆಳಕು ಎಷ್ಟಿತ್ತು, ನಿಂತಿದ್ದ ಜಾಗ ಎಷ್ಟು ದೂರ ಎಂದಷ್ಟೇ ಕೇಳುತ್ತಾರೆ. ಕಾನೂನು ಕಾಲೇಜಿನ ಬಾಗಿಲಲ್ಲಿ ಈ ಬಗೆಯ ಪ್ರಶ್ನೆಯನ್ನು ನಿಲ್ಲಿಸಿರುವುದರಲ್ಲಿ ಅರ್ಥವಿದೆ ಎಂಬುದು ಈ ವರದಿಗಾರನ ಅಭಿಪ್ರಾಯ. ಪರೀಕ್ಷೆಯಿಂದ ಇವುಗಳನ್ನು ಕೈಬಿಡಬೇಕೆಂಬ ಮಾತು ಆಗಾಗ ಕೇಳಿಬರುತ್ತದೆಯಾದರೂ ಅದರಲ್ಲಿ ಹುರುಳಿಲ್ಲ.

ಅಜ್ಜಿಯ ಕೋಳಿಯಿಂದ ನೈಯಾಯಿಕರವರೆಗೆ

ಈ ವಿದ್ಯೆ ಪರದೇಶದ್ದು, ನಮ್ಮ ಮಕ್ಕಳಿಗೆ ಒಗ್ಗದು ಎಂಬ ವಾದವನ್ನೂ ಒಪ್ಪಲಾಗದು. ತನ್ನ ಕೋಳಿ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆಂದು ನಂಬಿದ ಅಜ್ಜಿಯ ಕಥೆ ಕೇಳದ ಕನ್ನಡದ ಮಗು ವಿರಳ. ಮುನಿಸಿಕೊಂಡ ಅಜ್ಜಿ ಕೋಳಿಯನ್ನು ಕಂಕುಳಲ್ಲಿಟ್ಟುಕೊಂಡು ಊರು ಬಿಟ್ಟಳು. ಮರುದಿನವೂ ಊರಿಗೆ ಬೆಳಗಾಯಿತು. ಕಾರಣವೆಂದು ಹೇಳಿದ್ದು ಇಲ್ಲದಿದ್ದರೂ ಕಾರ್ಯ ನಡೆದರೆ ಕಾರ್ಯಕಾರಣದ ವಾದ ಸಡಿಲಾಗುತ್ತದೆ ಎಂಬ ಪಾಠ ಇದರಲ್ಲೇ ಇದೆ. ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋಯಿತೆಂಬ ಕಾಕತಾಳೀಯ ನ್ಯಾಯವಂತೂ ದಿನಬಳಕೆಯ ಮಾತು. ಪ್ರವೇಶ ಪರೀಕ್ಷೆಗಳ ದುರ್ಬಲಗೊಳಿಸುವ ಪ್ರಶ್ನೆಗಳಲ್ಲಿ ಗಣನೀಯ ಪಾಲು ಈ ಎರಡರ ಬೇರೆಬೇರೆ ವೇಷಗಳೇ ಆಗಿವೆ.

ನ್ಯಾಯದರ್ಶನದವರು ಇನ್ನೂ ಸೂಕ್ಷ್ಮಕ್ಕೆ ಇಳಿದಿದ್ದಾರೆ. ಬೆಟ್ಟದಲ್ಲಿ ಹೊಗೆಯಿದೆ, ಆದ್ದರಿಂದ ಬೆಂಕಿಯಿದೆ ಎಂಬುದು ಸರಿಯಾದ ಅನುಮಾನ. ಅದನ್ನೇ ತಿರುವಿ, ಬೆಂಕಿಯಿದೆ ಆದ್ದರಿಂದ ಹೊಗೆಯಿದೆ ಎಂದರೆ ತಪ್ಪು. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆ ಬರಬೇಕಾದರೆ ಸೌದೆ ಹಸಿಯಾಗಿರಬೇಕು. ವಾದದಲ್ಲಿ ಹೇಳದೆ ಉಳಿದ ಈ ಹಸಿ ಸೌದೆಗೆ ಅವರು ಇಟ್ಟ ಹೆಸರು ಉಪಾಧಿ. ಮೇಲ್ಸೇತುವೆಯ ವಾದದಲ್ಲಿ ನಾವು ಹುಡುಕಿದ್ದೂ ಇಂಥ ಹಸಿ ಸೌದೆಯನ್ನೇ. ಕರಾವಳಿಯ ತಾಳಮದ್ದಳೆಯಲ್ಲಿ ಅರ್ಥಧಾರಿಗಳು ರಾತ್ರಿಯಿಡೀ ಎದುರಾಳಿಯ ಮಾತನ್ನೇ ಹಿಡಿದು ಅವರನ್ನು ಕಟ್ಟಿಹಾಕುವುದನ್ನು ಕಂಡವರಿಗೆ ಈ ಕೌಶಲ ನಮ್ಮಲ್ಲಿಲ್ಲ ಎನ್ನಲು ಬಾಯಿ ಬಾರದು.

ಕೆಲವೊಮ್ಮೆ ಸರಿಯುತ್ತರ ನಿರೀಕ್ಷೆಗೆ ತೀರ ವಿರುದ್ಧವಾದ ದಿಕ್ಕಿನಿಂದ ಬರುತ್ತದೆ. ಹೆಲ್ಮೆಟ್ ಕಡ್ಡಾಯವಾದ ಮರುವರ್ಷ ಒಂದು ಊರಿನ ಆಸ್ಪತ್ರೆಯಲ್ಲಿ ತಲೆಗೆ ಪೆಟ್ಟಾಗಿ ದಾಖಲಾದವರ ಸಂಖ್ಯೆ ಹೆಚ್ಚಿತು. ಆದ್ದರಿಂದ ಹೆಲ್ಮೆಟ್ ತಲೆಯನ್ನು ಕಾಯುವುದಿಲ್ಲ ಎಂದು ಯಾರೋ ವಾದಿಸಿದರು ಎನ್ನೋಣ. ಹಿಂದೆ ಇಂಥ ಅಪಘಾತಗಳಲ್ಲಿ ಸ್ಥಳದಲ್ಲೇ ಅಸುನೀಗುತ್ತಿದ್ದವರು ಈಗ ಗಾಯಗೊಂಡು ಆಸ್ಪತ್ರೆಗಾದರೂ ತಲಪುತ್ತಿದ್ದಾರೆ ಎಂಬ ಒಂದು ಹೇಳಿಕೆ ಸಾಕು. ಅದೇ ಅಂಕಿ ತಲೆಕೆಳಗಾಗಿ ಹೆಲ್ಮೆಟ್ಟಿನ ಪರವಾಗಿ ನಿಲ್ಲುತ್ತದೆ. ಆಸ್ಪತ್ರೆಯ ದಾಖಲೆಯಲ್ಲಿ ಶವಾಗಾರದ ಲೆಕ್ಕ ಸೇರಿರುವುದಿಲ್ಲ ಎಂಬುದು ನಮ್ಮಂಥ ಅಪರಾಧ ವರದಿಗಾರರಿಗೂ ಎಷ್ಟೋ ಸಲ ಹೊಳೆಯದೆ ಹೋಗುತ್ತದೆ.

ಬೀದಿಗೆ ಬಂದ ವಾದ

ಪರೀಕ್ಷಾ ಕೊಠಡಿಯ ಹೊರಗೆ ಈ ಲೆಕ್ಕ ಹೇಗೆ ನಡೆಯುತ್ತದೆ ಎಂಬುದಕ್ಕೆ ಕೇಂದ್ರ ಲೋಕಸೇವಾ ಆಯೋಗದ ಪೂರ್ವಭಾವಿ ಪರೀಕ್ಷೆಯ ಪ್ರಕರಣವೇ ನಿದರ್ಶನ. 2011ರಲ್ಲಿ ಆಯೋಗವು ಐಚ್ಛಿಕ ವಿಷಯವನ್ನು ತೆಗೆದು ಸಿ-ಸ್ಯಾಟ್ ಎಂಬ ಸಾಮರ್ಥ್ಯ ಪತ್ರಿಕೆಯನ್ನು ತಂದಿತು. ಗದ್ಯಗ್ರಹಿಕೆ, ತರ್ಕ, ಲೆಕ್ಕ ಎಲ್ಲವೂ ಅದರಲ್ಲಿದ್ದವು. 2014ರಲ್ಲಿ ದೆಹಲಿಯಲ್ಲಿ ಭಾರಿ ಪ್ರತಿಭಟನೆಗಳು ನಡೆದವು. ಸಿ-ಸ್ಯಾಟ್ ಬಂದ ಮೇಲೆ ಹಿಂದಿ ಮತ್ತು ಪ್ರಾದೇಶಿಕ ಭಾಷೆಗಳ ಅಭ್ಯರ್ಥಿಗಳ ಯಶಸ್ಸು ಕುಸಿದಿದೆ, ಆದ್ದರಿಂದ ಸಿ-ಸ್ಯಾಟೇ ಅದಕ್ಕೆ ಕಾರಣ ಎಂಬುದು ಪ್ರತಿಭಟನಕಾರರ ವಾದದ ತಿರುಳು.

ಇದನ್ನು ದುರ್ಬಲಗೊಳಿಸುವ ಸಂಗತಿ ಕಣ್ಣೆದುರಿಗೇ ಇತ್ತು. 2013ರಲ್ಲಿ ಮುಖ್ಯ ಪರೀಕ್ಷೆಯ ಸ್ವರೂಪವೂ ಬದಲಾಗಿ, ಸಾಮಾನ್ಯ ಅಧ್ಯಯನದ ಪತ್ರಿಕೆಗಳು ನಾಲ್ಕಾಗಿ, ಐಚ್ಛಿಕ ವಿಷಯ ಒಂದಕ್ಕೆ ಇಳಿದಿತ್ತು. ಆ ನಂತರದ ಕುಸಿತಕ್ಕೆ ಯಾವ ಬದಲಾವಣೆ ಎಷ್ಟು ಕಾರಣ ಎಂದು ಬಿಡಿಸಿ ಹೇಳುವುದು ಸುಲಭವಲ್ಲ. ಹಾಗೆಂದು ಪ್ರತಿಭಟನಕಾರರ ಅಳಲು ಸುಳ್ಳಾಗುವುದಿಲ್ಲ. ಇಂಗ್ಲಿಷಿನಿಂದ ಯಾಂತ್ರಿಕವಾಗಿ ಭಾಷಾಂತರಿಸಿದ ಹಿಂದಿ ಗದ್ಯಭಾಗಗಳು ಹಿಂದಿಯವರಿಗೇ ಅರ್ಥವಾಗುತ್ತಿರಲಿಲ್ಲ ಎಂಬ ದೂರು ಸಿ-ಸ್ಯಾಟ್ ವಿರುದ್ಧ ಮೊದಲ ವಾದಕ್ಕಿಂತ ಗಟ್ಟಿಯಾದ ಆಧಾರ. ಸರ್ಕಾರ ಮಾಡಿದ್ದೇನು? ಆ ವರ್ಷ ಇಂಗ್ಲಿಷ್ ಗ್ರಹಿಕೆಯ ಪ್ರಶ್ನೆಗಳ ಅಂಕಗಳನ್ನು ಗಣನೆಯಿಂದ ಕೈಬಿಟ್ಟಿತು. 2015ರಲ್ಲಿ ಇಡೀ ಪತ್ರಿಕೆಯನ್ನು ಶೇ. 33 ಅಂಕ ಗಳಿಸಿದರೆ ಸಾಕೆಂಬ ಅರ್ಹತಾ ಪತ್ರಿಕೆಯಾಗಿಸಿತು. ಕನ್ನಡದ ಅಭ್ಯರ್ಥಿಗೆ ಇದರಿಂದ ದೊರೆತ ನೆಮ್ಮದಿ ಅರೆಬರೆ. ಪ್ರಶ್ನೆಪತ್ರಿಕೆ ಇರುವುದು ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮಾತ್ರ.

'ಎಲ್ಲ' ಮತ್ತು 'ಇಲ್ಲ'

ತರ್ಕದ ಪ್ರಶ್ನೆಯಲ್ಲಿ ಭಾಷೆಯೆಂಬುದು ಹೊರಗಿನ ಹೊದಿಕೆಯಲ್ಲ, ಅದೇ ಪ್ರಶ್ನೆಯ ಮೂಳೆ. ಇತಿಹಾಸದ ಪ್ರಶ್ನೆಯಲ್ಲಿ ಒಂದು ಪದ ತಿಳಿಯದಿದ್ದರೂ ಉತ್ತರ ಊಹಿಸಬಹುದು. ದುರ್ಬಲಗೊಳಿಸುವ ಪ್ರಶ್ನೆಯಲ್ಲಿ 'ಕೆಲವು', 'ಬಹುಪಾಲು', 'ಹೊರತು', 'ಮಾತ್ರ' ಎಂಬ ಸಣ್ಣ ಪದ ತಪ್ಪಿದರೆ ಉತ್ತರವೂ ತಪ್ಪುತ್ತದೆ. ಬಹುಪಾಲು ರೈತರು ಎಂದು ಆರಂಭಿಸಿದ ವಾದಕ್ಕೆ ಒಬ್ಬ ರೈತನ ವಿರುದ್ಧ ನಿದರ್ಶನ ಪೆಟ್ಟಾಗದು. ಎಲ್ಲ ರೈತರು ಎಂದಿದ್ದರೆ ಅದೊಂದೇ ಸಾಕು.

ಕನ್ನಡದಲ್ಲಿ ಇದಕ್ಕೊಂದು ವಿಶೇಷ ತೊಡಕಿದೆ. "ಎಲ್ಲ ವಿದ್ಯಾರ್ಥಿಗಳೂ ಉತ್ತೀರ್ಣರಾಗಿಲ್ಲ" ಎಂಬ ವಾಕ್ಯವನ್ನು ಓದಿ ನೋಡಿ. ಕೆಲವರು ಉತ್ತೀರ್ಣರಾಗಿದ್ದಾರೆ, ಎಲ್ಲರೂ ಅಲ್ಲ ಎಂದೂ ಅರ್ಥವಾಗುತ್ತದೆ. ಒಬ್ಬರೂ ಉತ್ತೀರ್ಣರಾಗಿಲ್ಲ ಎಂದೂ ಅರ್ಥವಾಗುತ್ತದೆ. ಮಾತಿನಲ್ಲಾದರೆ ಧ್ವನಿಯ ಏರಿಳಿತ ನಮ್ಮನ್ನು ಕಾಪಾಡುತ್ತದೆ. ಅಚ್ಚಿನಲ್ಲಿ ಆ ಅನುಕೂಲವಿಲ್ಲ. ಇಂಗ್ಲಿಷಿನ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡು ಪದಕ್ಕೆ ಪದ ಕೂಡಿಸುವ ಭಾಷಾಂತರಕಾರ ಈ ವಾಕ್ಯವನ್ನು ಬರೆದನೆಂದರೆ ನಾಲ್ಕು ಆಯ್ಕೆಗಳಲ್ಲಿ ಎರಡು ಸರಿಯಾಗಿಬಿಡಬಹುದು. "ಎಲ್ಲರೂ ಉತ್ತೀರ್ಣರಾದರು ಎನ್ನಲಾಗದು, ಕೆಲವರು ಮಾತ್ರ" ಎಂದು ಬಿಡಿಸಿ ಬರೆಯಲು ಕನ್ನಡದಲ್ಲಿ ಯಾವ ಅಡ್ಡಿಯೂ ಇಲ್ಲ. ಕನ್ನಡದಲ್ಲಿ ಯೋಚಿಸಿ ಬರೆಯುವವರು ಬೇಕು, ಅಷ್ಟೇ.

ಇದು ಊಹೆಯ ಭಯವಲ್ಲ. ಕರ್ನಾಟಕ ಲೋಕಸೇವಾ ಆಯೋಗವು 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ 2024ರ ಆಗಸ್ಟ್ 27ರಂದು ನಡೆಸಿದ ಪೂರ್ವಭಾವಿ ಪರೀಕ್ಷೆಯ ಕನ್ನಡ ಭಾಷಾಂತರ ಎಷ್ಟು ಕೆಟ್ಟದಾಗಿತ್ತೆಂದರೆ, ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮರುಪರೀಕ್ಷೆಗೆ ಸೂಚಿಸಬೇಕಾಯಿತು. ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಯಿತು. ಅದರಲ್ಲೂ ಭಾಷಾಂತರದ ತಪ್ಪುಗಳಿವೆಯೆಂದು ಅಭ್ಯರ್ಥಿಗಳು ಮತ್ತೆ ಬೀದಿಗಿಳಿದರು. ಕನ್ನಡ ನಾಡಿನ ಆಯೋಗವೇ ಕನ್ನಡದಲ್ಲಿ ನೆಟ್ಟಗೆ ಪ್ರಶ್ನೆ ಕೇಳಲಾರದ ಸ್ಥಿತಿಯಲ್ಲಿ, ಕ್ಲಾಟ್ ಕನ್ನಡಕ್ಕೆ ಬರಲಿ ಎಂದು ಕೇಳುವಾಗ ನಾಲಗೆ ತಡವರಿಸುವುದು ಸುಳ್ಳಲ್ಲ.

ಆದರೂ ಕೇಳಬೇಕಾಗಿದೆ. ಕ್ಲಾಟ್ ಪ್ರಾದೇಶಿಕ ಭಾಷೆಗಳಲ್ಲೂ ನಡೆಯಲೆಂಬ ಸಾರ್ವಜನಿಕ ಹಿತಾಸಕ್ತಿ ಅರ್ಜಿ 2023ರಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. ಅದರ ನಂತರ, 2024ರ ಡಿಸೆಂಬರ್‌ನಲ್ಲಿ ನಡೆದ ಪರೀಕ್ಷೆಯೂ ಇಂಗ್ಲಿಷಿನಲ್ಲೇ ಇತ್ತು. ಪರೀಕ್ಷೆ ನಡೆಸುವ ಒಕ್ಕೂಟದ ಕಚೇರಿ ಇರುವುದು ನಮ್ಮ ನಾಗರಬಾವಿಯಲ್ಲಿ. ಉನ್ನತ ನ್ಯಾಯಾಲಯಗಳ ಭಾಷೆ ಇಂಗ್ಲಿಷ್ ಆಗಿರುವುದರಿಂದ ಪ್ರವೇಶ ಪರೀಕ್ಷೆಯೂ ಇಂಗ್ಲಿಷಿನಲ್ಲಿರಬೇಕು ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ಸಮರ್ಥನೆ. ಈ ವಾದವನ್ನೂ ಪರೀಕ್ಷೆಯ ಕ್ರಮದಲ್ಲೇ ಒರೆಗೆ ಹಚ್ಚಬಹುದು. ನಮ್ಮ ತಾಲ್ಲೂಕು ನ್ಯಾಯಾಲಯಗಳಲ್ಲಿ ಸಾಕ್ಷಿಯ ವಿಚಾರಣೆ ಬಹುತೇಕ ಕನ್ನಡದಲ್ಲಿ ನಡೆಯುತ್ತದೆ. ಮೇಲಾಗಿ ಐದು ವರ್ಷದ ಕೋರ್ಸಿನಲ್ಲಿ ಇಂಗ್ಲಿಷ್ ಕಲಿಯಲು ಕಾಲಾವಕಾಶವಿದೆ. ಪ್ರವೇಶದ ದಿನವೇ ಅದು ಪೂರ್ಣವಾಗಿ ಕೈಗೂಡಿರಬೇಕು ಎಂಬುದು ಹೇಳದೆ ಬಿಟ್ಟ ಗೃಹೀತ.

ನಮ್ಮ ವಾದಕ್ಕೂ ಪೆಟ್ಟು ಬೀಳಬಹುದು, ಅದನ್ನು ಮುಚ್ಚಿಡುವುದು ಸರಿಯಲ್ಲ. ಕನ್ನಡ ಮಾಧ್ಯಮದವರು ಹಿಂದುಳಿಯಲು ಪ್ರಶ್ನೆಯ ಭಾಷೆಯೇ ಕಾರಣ ಎನ್ನುವುದಾದರೆ, ಅದೇ ಊರುಗಳ ಇಂಗ್ಲಿಷ್ ಮಾಧ್ಯಮದ ಮಕ್ಕಳು ಗೆಲ್ಲುತ್ತಿರಬೇಕು. ಅವರೂ ಗೆಲ್ಲುತ್ತಿಲ್ಲವಾದರೆ ನಗರದ ತರಬೇತಿ ಕೇಂದ್ರಗಳ ಶುಲ್ಕ, ಅಂಥ ಕೇಂದ್ರ ಹತ್ತಿರವಿಲ್ಲದಿರುವುದು, ಇಂಥದೊಂದು ಪರೀಕ್ಷೆ ಇದೆಯೆಂದೇ ಹೇಳುವವರಿಲ್ಲದಿರುವುದು ಇವೂ ಕಾರಣಗಳಾಗಿರಬೇಕು. ಭಾಷೆಯೊಂದನ್ನು ಬದಲಿಸಿದರೆ ಎಲ್ಲವೂ ಸರಿಹೋದೀತೆಂದು ಯಾರೂ ಭಾವಿಸಬೇಕಾಗಿಲ್ಲ.

ತರಬೇತಿ ಕೇಂದ್ರಗಳು ಕಲಿಸುವುದೂ ಬಹಳಷ್ಟು ಸಲ ಅಡ್ಡದಾರಿಯನ್ನೇ. "ತೀವ್ರವಾದ ಪದವಿರುವ ಆಯ್ಕೆಯನ್ನು ಬಿಟ್ಟುಬಿಡಿ" ಎಂಬುದು ಅವುಗಳಲ್ಲೊಂದು. ಗದ್ಯಭಾಗದ ತಾತ್ಪರ್ಯ ಗುರುತಿಸುವ ಪ್ರಶ್ನೆಗೆ ಇದು ಸಲ್ಲಬಹುದು. ದುರ್ಬಲಗೊಳಿಸುವ ಪ್ರಶ್ನೆಯಲ್ಲಿ ಆಯ್ಕೆ ನಿಜವೆಂದು ಮೊದಲೇ ಒಪ್ಪಿಕೊಂಡಿರುವುದರಿಂದ ತೀವ್ರವಾದ ಹೇಳಿಕೆಯೇ ಬಲವಾದ ಪೆಟ್ಟಾಗುವುದುಂಟು. ಸೂತ್ರ ಕಂಠಪಾಠ ಮಾಡಿದ ವಿದ್ಯಾರ್ಥಿ ಸರಿಯುತ್ತರವನ್ನೇ ಮೊದಲು ಹೊಡೆದುಹಾಕಿರುತ್ತಾನೆ. ತಪ್ಪಿಗೆ ಕಾಲು ಅಂಕ ಕಳೆಯುವ ಪರೀಕ್ಷೆಯಿದು.

ಅಮೆರಿಕದಲ್ಲಿ ಕಾನೂನು ಪ್ರವೇಶಕ್ಕೆ ನಡೆಯುವ ಎಲ್‌ಸ್ಯಾಟ್ ಪರೀಕ್ಷೆ 2024ರ ಆಗಸ್ಟ್‌ನಿಂದ ಒಗಟಿನ ವಿಭಾಗವನ್ನು ಪೂರ್ಣವಾಗಿ ಕೈಬಿಟ್ಟು, ವಾದವಿಮರ್ಶೆಯ ಪ್ರಶ್ನೆಗಳಿರುವ ತರ್ಕಕ್ಕೆ ಅಂಕದ ಎರಡು ವಿಭಾಗಗಳನ್ನು ಮೀಸಲಿಟ್ಟಿದೆ. ಅಲ್ಲಿ ಇನ್ನೊಂದು ವ್ಯವಸ್ಥೆಯೂ ಇದೆ. ಅಂಕಕ್ಕೆ ಸೇರದ ಒಂದು ವಿಭಾಗದಲ್ಲಿ ಹೊಸ ಪ್ರಶ್ನೆಗಳನ್ನು ನಿಜವಾದ ಅಭ್ಯರ್ಥಿಗಳ ಮೇಲೆಯೇ ಪ್ರಯೋಗಿಸಿ ನೋಡುತ್ತಾರೆ. ಗೊಂದಲದ ಪ್ರಶ್ನೆ ಅಂಕದ ಪಟ್ಟಿಗೆ ಬರುವ ಮೊದಲೇ ಸಿಕ್ಕಿಬೀಳುವ ಅವಕಾಶ ಹೆಚ್ಚು. "ಅತ್ಯಂತ ಹೆಚ್ಚು" ದುರ್ಬಲಗೊಳಿಸುವುದು ಯಾವುದು ಎಂಬುದು ತಕ್ಕಡಿಯ ಪ್ರಶ್ನೆ. ಎರಡು ಆಯ್ಕೆಗಳು ಸಮತೂಕವಾದರೆ ಕೀಲಿ ಉತ್ತರ ನ್ಯಾಯಾಲಯಕ್ಕೆ ಹೋಗುವುದು ಖಚಿತ. ಕ್ಲಾಟ್‌ನ ನೂರಿಪ್ಪತ್ತೂ ಪ್ರಶ್ನೆಗಳು ಅಂಕದವು. ಅವುಗಳ ಮೊದಲ ಪ್ರಯೋಗ ನಡೆಯುವುದೂ ಮಕ್ಕಳ ಸೀಟಿನ ಮೇಲೆಯೇ.

ರಾಜ್ಯ ಸರ್ಕಾರ ತನ್ನ ಮಟ್ಟದಲ್ಲೇ ಮಾಡಬಹುದಾದ ಕೆಲಸವೊಂದಿದೆ. ಕರ್ನಾಟಕದ ಪದವಿಪೂರ್ವ ಶಿಕ್ಷಣದಲ್ಲಿ ತರ್ಕಶಾಸ್ತ್ರ ಆಯ್ಕೆಯ ವಿಷಯವಾಗಿ ಇಂದಿಗೂ ಇದೆ. ಎಲ್ಲ ಕಾಲೇಜುಗಳಲ್ಲಿ ಅದಿಲ್ಲ. ವಿಜ್ಞಾನ, ವಾಣಿಜ್ಯ ವಿಭಾಗಗಳ ಬಹುಪಾಲು ಮಕ್ಕಳು ಅದರ ಮುಖವನ್ನೂ ನೋಡುವುದಿಲ್ಲ. ಹೊಸ ವಿಷಯ ಸೃಷ್ಟಿಸಬೇಕಾಗಿಲ್ಲ. ಕನ್ನಡ ಭಾಷಾ ಪಠ್ಯದಲ್ಲಿಯೇ ಪತ್ರಿಕೆಯ ಸಂಪಾದಕೀಯವೊಂದನ್ನು ಕೊಟ್ಟು, ಇದರ ಆಧಾರ ಯಾವುದು, ತೀರ್ಮಾನ ಯಾವುದು, ಯಾವ ಸಂಗತಿ ತಿಳಿದುಬಂದರೆ ಈ ತೀರ್ಮಾನ ಅಲುಗುತ್ತದೆ ಎಂದು ಕೇಳುವ ಎರಡು ಅಂಕದ ಪ್ರಶ್ನೆಯೊಂದನ್ನು ಸೇರಿಸಿದರೂ ಆದೀತು. ಸಾರಾಂಶ ಬರೆಯಿರಿ ಎಂದು ಎಷ್ಟೋ ದಶಕಗಳಿಂದ ಕೇಳುತ್ತಲೇ ಬಂದಿದ್ದೇವೆ.

ಮೇಲ್ಸೇತುವೆಯ ಪ್ರಶ್ನೆಗೆ 'ಆ' ಎಂದು ಉತ್ತರಿಸಿದ್ದ ಹಿರಿಯ ಸಹೋದ್ಯೋಗಿಯೊಬ್ಬರು ಮರುದಿನ ಸಂಜೆ ಈ ವರದಿಗಾರನ ಮೇಜಿನ ಬಳಿ ಬಂದು ಒಂದು ಪತ್ರಿಕಾ ಪ್ರಕಟಣೆಯನ್ನು ಇಟ್ಟರು. ಯೋಜನೆಯೊಂದರಿಂದ ಒಂದು ರಸ್ತೆಯ ಪ್ರಯಾಣದ ಅವಧಿ ಇಷ್ಟು ನಿಮಿಷ ಉಳಿತಾಯವಾಗಿದೆ ಎಂದು ಅದರಲ್ಲಿತ್ತು. ಅವರು ಅದರ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದಿದ್ದರು: "ಅಳತೆ ಮಾಡಿದ್ದು ಶಾಲೆಗಳಿಗೆ ಬೇಸಿಗೆ ರಜೆ ಇದ್ದಾಗಲೋ, ತೆರೆದ ಮೇಲೋ? ಕೇಳಿ ಹಾಕಿ."